ಗುಲಾಬಕ್ಕನ ಲೋಟ

ಲೋಟದ ಅಂಚಿನಿಂದ ಅರ್ಧ ಇಂಚು ಕೆಳಗೆ, ಚುಕ್ಕಿಗೆ ಚುಕ್ಕಿ ಸೇರಿಸಿ ಕೊರೆದ ಅಕ್ಷರಗಳಲ್ಲಿ ‘ಗುಲಾಬಿ, ಮೂಳೂರು’ ಎಂದಿದೆ. ಕೊನೆಯ ಅಕ್ಷರದ ಕೊಂಬು ಅರ್ಧಕ್ಕೆ ನಿಂತಿದೆ. ಮೆಷಿನಿನವನ ಕೈ ಅಲ್ಲಿ ಜಾರಿರಬೇಕು.

ನನ್ನ ಹೆಸರು ಗುಲಾಬಿ ಅಲ್ಲ. ಮಣಿಪಾಲದ ಬಾಡಿಗೆ ಕೋಣೆಯಲ್ಲಿ, ನನ್ನ ಮೇಜಿನ ಮೇಲೆ ಈ ಲೋಟ ಇರುತ್ತದೆ. ಅದರೊಳಗೆ ಎರಡು ಪೆನ್ನು, ಒಂದು ಪೆನ್ಸಿಲು, ಒಂದು ಸಣ್ಣ ಕತ್ತರಿ. ಗುಲಾಬಕ್ಕ ಕಾಪುವಿನಲ್ಲಿ ನಮ್ಮ ಪಕ್ಕದ ಮನೆಯವರು. ಮೂಳೂರು ಅವರ ತವರು. ಮದುವೆಯಲ್ಲಿ ತವರಿನವರು ಕೊಟ್ಟ ಆರು ಲೋಟಗಳಲ್ಲಿ ಇದೊಂದು. ಇದು ನನ್ನ ಬಳಿ ಯಾಕಿದೆ ಎಂದು ಹೇಳಲು ಸ್ವಲ್ಪ ಸುತ್ತಿ ಬರಬೇಕು.

ನಮ್ಮ ಕಡೆ ಸ್ಟೀಲ್ ಪಾತ್ರೆ ಕೊಂಡರೆ ಹೆಸರು ಕೊರೆಸದೆ ಮನೆಗೆ ತರುವುದಿಲ್ಲ. ಅಂಗಡಿಯ ಮೂಲೆಯಲ್ಲೇ ಒಬ್ಬ ಮೆಷಿನು ಹಿಡಿದು ಕೂತಿರುತ್ತಾನೆ. ಹಲ್ಲಿನ ಡಾಕ್ಟರರ ಕೋಣೆಯಿಂದ ಬರುವಂಥ ಸದ್ದಿನಲ್ಲಿ ಹೆಸರು ಬರೆದುಕೊಡುತ್ತಾನೆ. ಇದು ಕಳ್ಳರ ಭಯಕ್ಕಲ್ಲ. ಪಾತ್ರೆಗಳು ಊರೆಲ್ಲ ತಿರುಗುತ್ತವೆ. ಮದುವೆಗೆ, ಸೀಮಂತಕ್ಕೆ, ಸತ್ತವರ ಬೊಜ್ಜಕ್ಕೆ ಯಾರದೋ ಮನೆಯ ಹಂಡೆ ಇನ್ಯಾರದೋ ಒಲೆಯ ಮೇಲೆ ಕೂರುತ್ತದೆ. ತಿರುಗಿ ಮನೆ ಸೇರಲು ಅದಕ್ಕೊಂದು ವಿಳಾಸ ಬೇಕು. ನಾನು ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಸಂಖ್ಯೆ ಅಂಟಿಸುವ ಕೆಲಸದವಳು, ಆದ್ದರಿಂದ ಈ ವ್ಯವಸ್ಥೆಯ ಬಗ್ಗೆ ನನಗೆ ಗೌರವವಿದೆ. ಯಾರ ಮನೆಗೆ ಹೋದರೂ ಕೈಗೆ ಬಂದ ಲೋಟವನ್ನು ಒಂದು ಸುತ್ತು ತಿರುಗಿಸಿ ಹೆಸರು ಓದುತ್ತೇನೆ. ಅದು ಮರ್ಯಾದೆಯ ಅಭ್ಯಾಸವಲ್ಲ ಎಂದು ಗೊತ್ತು. ಅಕ್ಕ ಅದನ್ನು ನನ್ನ ರೋಗ ಎನ್ನುತ್ತಾಳೆ. ಅಕ್ಕನ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಬರೆಯಬಾರದೆಂದು ಹೇಳಿದ್ದಾಳೆ.

ನಮ್ಮ ಅಮ್ಮ ಕಾಪು ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ಅಪ್ಪ ಬೋಟಿನಲ್ಲಿದ್ದರು; ನಾನು ಐದನೇ ಕ್ಲಾಸಿನಲ್ಲಿರುವಾಗ ಹೋದರು. ಅದರ ಬಗ್ಗೆಯೂ ಇಲ್ಲಿ ಬರೆಯುವುದಿಲ್ಲ.

ಸರಕಾರಿ ಶಾಲೆಗೆ ಖರ್ಚೇನೂ ಇಲ್ಲ ಎಂದು ಹೇಳುವವರು ಜೂನ್ ತಿಂಗಳಲ್ಲಿ ಎರಡು ಮಕ್ಕಳಿಗೆ ಕೊಡೆ ಕೊಂಡವರಲ್ಲ. ಕೊಡೆ, ಚಪ್ಪಲಿ, ಚೀಲ, ನೋಟ್‌ಬುಕ್ಕು, ಹೊಲಿಗೆಯವನ ಮಜೂರಿ, ಬಸ್ಸು. ಒಂದೊಂದೂ ಸಣ್ಣದು. ಆದರೆ ಎಲ್ಲವೂ ಒಂದೇ ವಾರದಲ್ಲಿ ಬರುತ್ತವೆ, ಮತ್ತು ಅದೇ ವಾರ ಮೀನುಗಾರಿಕೆಗೆ ರಜೆ ಶುರುವಾಗುತ್ತದೆ. ಬೋಟುಗಳು ದಡಕ್ಕೆ ಬಂದು ಎರಡು ತಿಂಗಳು ಕದಲುವುದಿಲ್ಲ. ಕಡಲು ಬಾಗಿಲು ಹಾಕುವುದೂ ಶಾಲೆ ಬಾಗಿಲು ತೆರೆಯುವುದೂ ಒಟ್ಟಿಗೆ. ಅಮ್ಮ ಆಗ ಒಣಮೀನು ಮಾರುತ್ತಿದ್ದಳು. ಮಳೆಗಾಲದಲ್ಲಿ ಅದೂ ಬೂಸಲು ಹಿಡಿಯುತ್ತಿತ್ತು.

ನಾನು ಏಳನೇ ಕ್ಲಾಸಿಗೆ ಬಂದಾಗ ಉಡುಪಿಯ ಒಂದು ಟ್ರಸ್ಟು ನಮ್ಮ ಮನೆಗೆ ಪ್ರತಿ ತಿಂಗಳು ಸ್ವಲ್ಪ ಹಣ ಕೊಡಲು ಒಪ್ಪಿತು. ಮೊತ್ತ ಹೇಳುವುದಿಲ್ಲ, ಹೇಳಿದರೆ ನೀವು ನಗುತ್ತೀರಿ. ದೊಡ್ಡದಾಗಿದ್ದದ್ದು ಮೊತ್ತವಲ್ಲ, ಅದು ತಪ್ಪದೆ ಬರುತ್ತಿದ್ದದ್ದು. ಐದನೇ ತಾರೀಕು ಎಂದರೆ ಐದನೇ ತಾರೀಕು. ಮೀನು ಇದ್ದರೂ ಇಲ್ಲದಿದ್ದರೂ. ಹೊಲಿಗೆಯವನಿಗೆ ‘ಐದಕ್ಕೆ ಕೊಡ್ತೇನೆ’ ಎಂದು ಅಮ್ಮ ಹೇಳಿದರೆ ಅವನು ಒಪ್ಪಿ ತಲೆಯಾಡಿಸುತ್ತಿದ್ದ. ಅದಕ್ಕೆ ಮೊದಲು ಅಮ್ಮ ಯಾವ ತಾರೀಕನ್ನೂ ಬಾಯಿಬಿಟ್ಟು ಹೇಳಿದವಳಲ್ಲ. ಆ ವರ್ಷ ಅಕ್ಕ ಹತ್ತನೇ ಕ್ಲಾಸಿನಲ್ಲಿ ಫಸ್ಟ್ ಕ್ಲಾಸು ಬಂದಳು. ಪಿಯುಸಿ ವಿಜ್ಞಾನ, ಆಮೇಲೆ ನರ್ಸಿಂಗ್ ಎಂದು ತೀರ್ಮಾನಿಸಿದಳು.

ಹಣಕ್ಕೆ ಪ್ರತಿಯಾಗಿ ತಿಂಗಳಿಗೊಂದು ಧನ್ಯವಾದ ಪತ್ರ ಬರೆಯಬೇಕಿತ್ತು. ಬರೆಯುತ್ತಿದ್ದವಳು ನಾನು, ಯಾಕೆಂದರೆ ನನ್ನ ಅಕ್ಷರ ಗುಂಡಗಿತ್ತು. ಹನ್ನೆರಡು ವರ್ಷದ ಹುಡುಗಿ ಪ್ರತಿ ತಿಂಗಳು ‘ಚಿರಋಣಿ’ ಎಂದು ಬರೆದು, ಅಡಿಯಲ್ಲಿ ಸ್ಕೇಲು ಇಟ್ಟು ಗೆರೆ ಎಳೆಯುತ್ತಿದ್ದಳು. ಎಳೆದು ದೂರ ಹಿಡಿದು ನೋಡಿ ಮೆಚ್ಚಿಕೊಳ್ಳುತ್ತಿದ್ದಳು ಕೂಡ. ಆ ಪತ್ರಗಳು ಟ್ರಸ್ಟಿನ ಯಾವುದೋ ಫೈಲಿನಲ್ಲಿ ಇನ್ನೂ ಇರಬಹುದು. ನೆನೆದರೆ ಕಿವಿ ಬಿಸಿಯಾಗುತ್ತದೆ.

ಎರಡನೇ ವರ್ಷದ ಬೇಸಿಗೆಯಲ್ಲಿ ಟ್ರಸ್ಟಿನ ಇಬ್ಬರು ಮನೆ ನೋಡಲು ಬರುತ್ತಾರೆಂದು ಸುದ್ದಿ ಬಂತು. ಹಣ ಮುಂದುವರಿಸಬೇಕೇ ಬೇಡವೇ ಎಂದು ಅವರು ನೋಡಿ ಬರೆಯಬೇಕು. ಅಮ್ಮ ಮೂರು ದಿನ ಮೊದಲೇ ಮನೆ ತೊಳೆಯಲು ಶುರು ಮಾಡಿದಳು.

“ಇಲ್ಲಗ್ ಬತ್ತಿನಕ್ಲೆಗ್ ದಾದಾಂಡಲ ಕೊರೊಡತ್ತಾ?” ಎಂದಳು. ಮನೆಗೆ ಬಂದವರಿಗೆ ಏನಾದರೂ ಕೊಡಬೇಡವೇ ಎಂದು. ನಮ್ಮಲ್ಲಿ ಅಂಗಳಕ್ಕೆ ಬಂದವರಿಗೆ ಬೆಲ್ಲ, ನೀರು ಕೊಡದಿದ್ದರೆ ಆ ಮನೆಗೆ ಹೆಸರಿಲ್ಲ. ಆದರೆ ಇವರು ಬೆಲ್ಲ, ನೀರಿಗೆ ಮುಗಿಯುವ ಅತಿಥಿಗಳಲ್ಲ ಎಂದು ಅಮ್ಮನ ಲೆಕ್ಕ. ಗುಲಾಬಕ್ಕನಿಂದ ಆರು ಲೋಟ ಬಂತು, ಆಚೆ ಮನೆಯಿಂದ ನಾಲ್ಕು ಕುರ್ಚಿ ಬಂತು. ಬರುವವರಲ್ಲಿ ಒಬ್ಬರು ಮೀನು ತಿನ್ನದವರೆಂದು ಗೊತ್ತಾಗಿ ಮಟ್ಟುವಿನಿಂದ ಗುಳ್ಳ ಬದನೆ ಬಂತು. ಇನ್ನೊಬ್ಬರಿಗೆಂದು ಅಮ್ಮ ಬೆಳಿಗ್ಗೆ ನಾಲ್ಕಕ್ಕೆ ಮಲ್ಪೆಗೆ ಹೋಗಿ ಒಂದು ಅಂಜಲ್ ತಂದಳು. ತೋಳುದ್ದದ ಮೀನು. ಅಂಥದನ್ನು ನಾವು ಮಾರಿದ್ದೆವೇ ಹೊರತು ತಿಂದಿರಲಿಲ್ಲ.

ಗುಲಾಬಕ್ಕ ಬೇಲಿಯಾಚೆಯಿಂದ ಅದನ್ನು ನೋಡಿದರು. “ಬಡವರು ಹೌದಾ ಅಂತ ನೋಡ್ಲಿಕ್ಕೆ ಬರುವವರಿಗೆ ಅಂಜಲ್ ಹಾಕ್ತೀಯಲ್ಲ ಮಾರಾಯ್ತಿ. ಅಗ್ಗದ ಬೂತಾಯಿ ಸಾಕಿತ್ತು.”

“ಮೀನು ಮಾರುವವಳು ಮನೆಗೆ ಬಂದವರಿಗೆ ಬೂತಾಯಿ ಹಾಕಿದಳು ಅಂತ ಆದರೆ ನಾಳೆ ನನ್ನ ಬುಟ್ಟಿಯ ಹತ್ತಿರ ಯಾರು ಬರ್ತಾರೆ?”

“ಅವರೆಂತ ಮೀನು ತಗೊಳ್ಲಿಕ್ಕೆ ಬರುವುದಾ?”

“ನೀನು ಲೋಟ ಕೊಟ್ಟಿದ್ದಿ ಅಲ್ವಾ, ಸಾಕು. ಬುದ್ಧಿ ಬೇಡ” ಎಂದಳು ಅಮ್ಮ.

ಇಬ್ಬರೂ ಬಂದರು. ಲೋಟಗಳಲ್ಲಿ ಎಳೆ ತೆಂಗಿನ ಬೊಂಡದ ನೀರು ಕುಡಿದರು. ಗುಳ್ಳ ತಿಂದವರು ಚೆನ್ನಾಗಿದೆ ಎಂದರು. ಅಂಜಲ್ ತಿಂದವರು ನಾಲ್ಕು ತುಂಡು ತಿಂದರು. ನಾನು ಬಾಗಿಲ ಹಿಂದೆ ನಿಂತು ಎಣಿಸಿದ್ದೆ, ಉಳಿದರೆ ನಮಗೆ ಎಂದು. ಹದಿನೈದು ದಿನಗಳಲ್ಲಿ ಪತ್ರ ಬಂತು. ಕುಟುಂಬ ಅನುಕೂಲಸ್ಥವಾಗಿರುವುದು ಕಂಡುಬಂದಿದ್ದರಿಂದ ಸಹಾಯವನ್ನು ಹೆಚ್ಚು ಅರ್ಹರಿಗೆ ವರ್ಗಾಯಿಸಲಾಗಿದೆ, ಸಹಕರಿಸಬೇಕು, ಎಂದು. ಓದಿ ಹೇಳಿದವಳೂ ನಾನೇ. ಅಮ್ಮ ಎರಡು ಸಲ ಓದಿಸಿದಳು. ಆಮೇಲೆ, “ಮೀನಿಗೆ ಉಪ್ಪು ಹೆಚ್ಚಾಗಿತ್ತಾ ಅಂತ” ಎಂದಳು. ಅವಳಿಗೆ ಹೊಳೆದ ಕಾರಣ ಅದೊಂದೇ.

ಆ ಜೂನ್ ತಿಂಗಳಲ್ಲಿ ಇಬ್ಬರನ್ನು ಓದಿಸುವುದು ಆಗಲಿಲ್ಲ. ಅಕ್ಕ ಮೊದಲ ಪಿಯುಸಿಗೆ ನಿಲ್ಲಿಸಿ ಉಡುಪಿಯ ಒಂದು ಸೀರೆ ಅಂಗಡಿಗೆ ಸೇರಿದಳು. ಅಲ್ಲಿ ಕೆಲಸದ ಹುಡುಗಿಯರು ಕೂರುವಂತಿಲ್ಲ. ಗಿರಾಕಿ ಇಲ್ಲದಾಗಲೂ ನಿಂತಿರಬೇಕು. ಸಂಜೆ ಬಂದು ಬಕೆಟ್ಟಿನ ಬಿಸಿ ಉಪ್ಪುನೀರಿನಲ್ಲಿ ಕಾಲು ಇಟ್ಟು ನನ್ನ ವಿಜ್ಞಾನದ ಪಾಠ ಕೇಳುತ್ತಿದ್ದಳು. ತಪ್ಪು ಹೇಳಿದರೆ ನೀರು ಎರಚುತ್ತಿದ್ದಳು. ನನ್ನ ಡಿಗ್ರಿಗಳು ಅಕ್ಕನ ಪಾದದ ಮೇಲೆ ನಿಂತಿವೆ ಎಂದು ಬರೆದರೆ ಅದು ಅಲಂಕಾರವಾಗುತ್ತದೆ. ಆದ್ದರಿಂದ ಇಷ್ಟೇ ಬರೆಯುತ್ತೇನೆ: ಅವಳು ಈಗ ಕಾರ್ಕಳದಲ್ಲಿ ಗಂಡನ ಮನೆಯಲ್ಲಿದ್ದಾಳೆ, ಮೂವತ್ತು ದಾಟಿಲ್ಲ, ಕಾಲಿನ ರಕ್ತನಾಳ ಉಬ್ಬಿ ಗಟ್ಟಿ ಸಾಕ್ಸ್ ಹಾಕುತ್ತಾಳೆ.

ಅತಿಥಿಗಳು ಹೋದ ಒಂದು ತಿಂಗಳ ಮೇಲೆ ಮಂಚದಡಿ ಗುಡಿಸುವಾಗ ಗುಲಾಬಕ್ಕನ ಆರನೇ ಲೋಟ ಸಿಕ್ಕಿತು. ಒಳಗೆ ನನ್ನ ಪೆನ್ಸಿಲಿನ ತುಂಡುಗಳಿದ್ದವು. ಕೊಡಲು ಹೋದರೆ ಗುಲಾಬಕ್ಕ ತೆಗೆದುಕೊಳ್ಳಲಿಲ್ಲ. “ಪೆನ್ನು ಇಟ್ಟುಕೋ. ಓದಿ ಮುಗಿದ ಮೇಲೆ ಕೊಡು” ಎಂದರು. ಎಂ.ಎ. ಮುಗಿದು ನಾಲ್ಕು ವರ್ಷವಾಯಿತು. ಕೊಟ್ಟಿಲ್ಲ.

ಇಷ್ಟನ್ನು ನಾನು ಇದುವರೆಗೆ ಯಾರಿಗೂ ಹೇಳಿದವಳಲ್ಲ. ಗ್ರಂಥಾಲಯದಲ್ಲಿ ಚಹಾದ ಹೊತ್ತಿಗೆ, ಜನರಿಗೆ ತಿಂಗಳು ತಿಂಗಳು ಪುಕ್ಕಟೆ ಹಣ ಕೊಟ್ಟರೆ ಸೋಮಾರಿಗಳಾಗುತ್ತಾರೆ ಎಂಬ ಮಾತು ವಾರಕ್ಕೊಮ್ಮೆಯಾದರೂ ಬರುತ್ತದೆ. ನಾನು ಸಕ್ಕರೆ ಕಲಕುತ್ತೇನೆ. ಇನ್ನು ಕಲಕಲು ಸಕ್ಕರೆ ಉಳಿದಿರುವುದಿಲ್ಲ, ಆದರೂ ಕಲಕುತ್ತೇನೆ. ಒಮ್ಮೆಯಾದರೂ ಕೇಳಬೇಕಿತ್ತು: ನಿಮಗೂ ತಿಂಗಳ ಕೊನೆಗೆ ಸಂಬಳ ತಪ್ಪದೆ ಬರುತ್ತದಲ್ಲ, ಬರುವುದಿಲ್ಲ ಎಂದಾದರೆ ನಿಮ್ಮ ಮಗನ ಶಾಲೆಗೆ ಯಾವ ತಾರೀಕು ಹೇಳುತ್ತೀರಿ? ಕೇಳಿಲ್ಲ. ಸಂಕೋಚದವಳು ಎಂದು ಎಲ್ಲರೂ ನನ್ನನ್ನು ಮೆಚ್ಚುತ್ತಾರೆ.

ಈ ವರ್ಷ ಮೇ ತಿಂಗಳ ಕೊನೆಯಲ್ಲಿ ಅದೇ ಟ್ರಸ್ಟಿನಿಂದ ಫೋನು ಬಂತು. ಹಿಂದೆ ಸಹಾಯ ಪಡೆದು ಮುಂದೆ ಬಂದವರನ್ನು ಮನೆ ನೋಡುವ ಕೆಲಸಕ್ಕೆ ಸೇರಿಸಿಕೊಳ್ಳುತ್ತಿದ್ದೇವೆ, ಬರಬಹುದೇ ಎಂದು. ಬರುವುದಿಲ್ಲ ಎನ್ನಲು ಬಾಯಿ ತೆರೆದವಳು ಆಯಿತು ಎಂದೆ. ಕುತೂಹಲಕ್ಕೆ ಎಂದುಕೊಂಡಿದ್ದೆ. ಕುತೂಹಲ ಆಗಿರಲಿಲ್ಲ ಎಂದು ಈಗ ಗೊತ್ತು.

ಭಾನುವಾರ ಬೆಳಿಗ್ಗೆ ಕಾರು ತಂದವರು ಶೇಖರ್ ಸರ್. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾದವರು. ಅಂದು ಅಂಜಲ್ ತಿಂದವರು ಅವರೇ. ಕೂದಲು ಪೂರ್ತಿ ಬೆಳ್ಳಗಾಗಿದೆ, ಉಳಿದಂತೆ ಏನೂ ಬದಲಾಗಿಲ್ಲ. ಕೆಟ್ಟವರಲ್ಲ. ಪೆಟ್ರೋಲು ಸ್ವಂತದ್ದು ಹಾಕುತ್ತಾರೆ, ದಾರಿಯಲ್ಲಿ ಯಾರಾದರೂ ಕೈ ತೋರಿಸಿದರೆ ನಿಲ್ಲಿಸುತ್ತಾರೆ. ಅವರು ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಿತ್ತು.

“ನಿಮ್ಮ ಅಮ್ಮನ ಅಂಜಲ್ ಈಗಲೂ ನೆನಪುಂಟು ಮಾರಾಯ್ತಿ” ಎಂದರು, ಮಣಿಪಾಲ ಇಳಿಯುವ ಮೊದಲೇ. “ಆ ಮಸಾಲೆ ನನ್ನ ಹೆಂಡತಿಗೆ ಇವತ್ತಿಗೂ ಬರುವುದಿಲ್ಲ. ಅಮ್ಮ ಹೇಗಿದ್ದಾರೆ?”

“ಇದ್ದಾರೆ.”

“ನೋಡಿ, ನಮ್ಮ ಟ್ರಸ್ಟಿನ ಹುಡುಗಿ ಈಗ ಎಲ್ಲಿದ್ದಾಳೆ ಅಂತ ನಾನು ಎಲ್ಲರಿಗೂ ಹೇಳುವುದು.”

“ಒಂದು ವರ್ಷ ಹನ್ನೊಂದು ತಿಂಗಳು ಸರ್” ಎಂದೆ.

“ಎಂತ?”

“ನಾನು ಟ್ರಸ್ಟಿನ ಹುಡುಗಿಯಾಗಿದ್ದದ್ದು.”

ಅವರು ನಕ್ಕರು. ಲೈಬ್ರರಿಯವರ ತಮಾಷೆ ಎಂದುಕೊಂಡರು. ಮುಂದೆ ಕೆಲಸದ ಕ್ರಮ ಹೇಳಿಕೊಟ್ಟರು. ವರದಿಗೆ ಇಬ್ಬರ ಸಹಿ ಬೇಕು. ಒಬ್ಬರದೇ ಇದ್ದರೆ ಅದು ಟ್ರಸ್ಟಿನ ಸಭೆಗೆ ಹೋಗುವುದಿಲ್ಲ. ಹೋಗದಿದ್ದರೆ ಹಿಂದಿನ ವರ್ಷದ ಸಹಾಯವೇ ಹಾಗೇ ಮುಂದುವರಿಯುತ್ತದೆ. “ಆದ್ದರಿಂದ ಜೊತೆಗೆ ಒಬ್ಬರು ಬೇಕೇ ಬೇಕು. ಇಲ್ಲದಿದ್ದರೆ ನಾನೊಬ್ಬನೇ ಸಾಕಿತ್ತು.” ಅಂದರೆ ನಮ್ಮ ಮನೆಯ ಕಾಗದಕ್ಕೆ ಗುಳ್ಳ ತಿಂದವರೂ ಸಹಿ ಹಾಕಿದ್ದರು ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ.

ಅಲೆವೂರಿನ ಒಂದು ಮುರಕಲ್ಲಿನ ಕಂಪೌಂಡಿನ ಹಿಂದೆ ಸಾಲಾಗಿ ನಾಲ್ಕು ಬಾಡಿಗೆ ಕೋಣೆಗಳು. ಮೂರನೆಯದು ಯಲ್ಲವ್ವನದು. ಅವಳೂ ಗಂಡನೂ ಬಾಗಲಕೋಟೆ ಕಡೆಯವರು, ಕಟ್ಟಡದ ಕೆಲಸಕ್ಕೆ ಬಂದು ಇಲ್ಲಿ ಎಂಟು ವರ್ಷ. ಗಂಡ ಅಂದೂ ಕೆಲಸಕ್ಕೆ ಹೋಗಿದ್ದ. ಮಗಳು ರೇಣುಕಾ ಒಂಬತ್ತು ಮುಗಿಸಿ ಹತ್ತನೇ ಕ್ಲಾಸಿಗೆ ಹೋಗುವವಳು. ಅಂಗಳ ಇನ್ನೂ ಒದ್ದೆಯಿತ್ತು. ತೊಳೆದ ವಾಸನೆ ನನಗೆ ಗೇಟಿನಲ್ಲೇ ಬಡಿಯಿತು.

“ಬರ್ರಿ ಸರ್, ಬರ್ರಿ ಮೇಡಂ, ಕುಂದ್ರ್ರಿ” ಎಂದಳು ಯಲ್ಲವ್ವ. ಎರಡು ಕೆಂಪು ಕುರ್ಚಿಗಳಿದ್ದವು. ಬೆನ್ನಿನ ಮೇಲೆ ಶಾಮಿಯಾನದವರ ಹೆಸರು ಬಿಳಿ ಬಣ್ಣದಲ್ಲಿತ್ತು. ರೇಣುಕಾ ನಿಂಬೆ ಶರಬತ್ತು ತಂದಳು. ಹೊಳೆಯುವ ಸ್ಟೀಲ್ ಲೋಟಗಳು. ಕೈ ತಾನಾಗಿಯೇ ತಿರುಗಿಸಿತು. ‘ವಸಂತಿ, ಅಲೆವೂರು’. ಶೇಖರ್ ಸರ್ ಕೈಯಲ್ಲಿದ್ದದ್ದನ್ನು ಕತ್ತು ಬಾಗಿಸಿ ಓದಿದೆ. ‘ಗೃಹಪ್ರವೇಶದ ಸವಿನೆನಪು’. ಒಂದು ಕೋಣೆಯ ಬಾಡಿಗೆ ಮನೆಯಲ್ಲಿ, ಇನ್ಯಾರದೋ ಗೃಹಪ್ರವೇಶದ ಲೋಟದಲ್ಲಿ ಅವರು ಶರಬತ್ತು ಕುಡಿಯುತ್ತಿದ್ದರು.

ಶೇಂಗಾ ಹೋಳಿಗೆ ಬಂತು.

“ತಗೋರಿ ಸರ್, ಇನ್ನೊಂದ್ ತಗೋರಿ. ನಮ್ಮ ಕಡೀದು, ಇಲ್ಲಿ ಸಿಗಂಗಿಲ್ಲ.”

“ಹೊಟ್ಟೆಯಲ್ಲಿ ಜಾಗ ಇಲ್ಲ ಮಾರಾಯ್ತಿ” ಎಂದು ಅವರು ಎರಡನೆಯದನ್ನು ತೆಗೆದುಕೊಂಡರು. ತಿನ್ನುತ್ತಲೇ ಕಣ್ಣಾಡಿಸಿದರು. ಗೋಡೆಯ ಟಿ.ವಿ., ಮೂಲೆಯ ಮಿಕ್ಸಿ.

“ಟಿ.ವಿ. ಯಾರು ತೆಗೆದದ್ದು?”

“ನಾ ಭಾಂಡಿ ತೊಳಿಯೋ ಮನಿಯವ್ರು ಕೊಟ್ರ್ರಿ. ಬಣ್ಣ ಬರಂಗಿಲ್ಲ. ಎಲ್ಲಾರೂ ಹಸರ ಕಾಣ್ತಾರ.”

ರೇಣುಕಾ ನಗು ತಡೆದಳು. ಅವಳು ಇಲ್ಲೇ ಬೆಳೆದವಳು. ನನ್ನ ಜೊತೆ ಮಾತಾಡಿದಾಗ ನಮ್ಮೂರಿನವಳಂತೆಯೇ ಇದ್ದಳು. ಹಣದಿಂದ ಏನು ಮಾಡುತ್ತೀ ಎಂದು ಕಾಗದದಲ್ಲಿದ್ದ ಪ್ರಶ್ನೆಯನ್ನು ಕೇಳಿದೆ. “ಬಸ್ಸಿಗೆ, ಮತ್ತೆ ಟ್ಯೂಶನ್ನಿಗೆ. ಗಣಿತಕ್ಕೆ ಮಾತ್ರ. ಬೇರೆ ಎಲ್ಲ ನನಗೇ ಬರ್ತದೆ” ಎಂದಳು. ಮತ್ತೆ, “ಜಾಸ್ತಿ ಅಂಕ ಉಂಟು, ತೋರಿಸ್ಲಾ?” ಎಂದಳು.

ಉತ್ತರ ಕೊಟ್ಟದ್ದು ಯಲ್ಲವ್ವ. “ಅಕಿ ಬಸ್ಸು ಅಂತಾಳ್ರಿ. ನಾ ಹೇಳ್ತೀನಿ ಕೇಳ್ರಿ. ಮಳಿ ಹಿಡೀತಂದ್ರ ಇಲ್ಲಿ ಕೆಲಸ ನಿಂತು ಹೋಗ್ತದ. ಮೊದಲ ನಾವು ಊರಿಗೆ ಹೋಗಿಬಿಡ್ತಿದ್ವಿ. ಸಾಲಿ ಸುರು ಆಗಿ ಎರಡು ತಿಂಗಳಿಗೆ ಬರೋದು, ಮಾಸ್ತರು ಬೈಯೋದು. ಈಗ ಆ ರೊಕ್ಕ ಬರ್ತದಂತ ನಂಬಿ ಇಲ್ಲೇ ಇರ್ತೀವ್ರಿ. ಇಲ್ಲಾಂದ್ರ ಈ ಸಲ ಹೋಗೋದೇ. ಹೋದ್ರ ನಮ್ಮತ್ತಿ ಅಕಿ ಮದುವಿ ಮಾತು ತೆಗೀತಾಳ, ತಿರುಗಿ ಕಳಸಂಗಿಲ್ಲ.”

ರೇಣುಕಾ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಕಾರಿನಲ್ಲಿ ಕೂತು ಶೇಖರ್ ಸರ್ ಕಾಗದವನ್ನು ಸ್ಟಿಯರಿಂಗಿನ ಮೇಲಿಟ್ಟು ಬರೆದರು. ಕಂಡ ವಸ್ತುಗಳು: ಟಿ.ವಿ., ಮಿಕ್ಸಿ, ಕುರ್ಚಿ, ಸ್ಟೀಲ್ ಪಾತ್ರೆಗಳು. ಆತಿಥ್ಯ ಉತ್ತಮ. ಕುಟುಂಬ ಅನುಕೂಲವಾಗಿದೆ; ಮುಂದುವರಿಸುವ ಅಗತ್ಯ ಕಾಣುವುದಿಲ್ಲ. ಎಡಗೈಯಲ್ಲಿ ಪೇಪರು ಸುತ್ತಿದ ಒಂದು ಹೋಳಿಗೆ ಇತ್ತು, ಯಲ್ಲವ್ವ ಅವರ ಹೆಂಡತಿಗೆಂದು ಕೊಟ್ಟದ್ದು.

“ಲೋಟ ಅವರದಲ್ಲ ಸರ್” ಎಂದೆ. “ಕುರ್ಚಿಯೂ.”

“ಅದೇ ನಾನು ಸಭೆಯಲ್ಲಿ ಯಾವಾಗಲೂ ಹೇಳುವುದು. ಹೇಳಿ ಬಂದರೆ ಹೀಗೇ. ಹೇಳದೆ ಬಂದು ನೋಡಬೇಕು, ಆಗ ನಿಜ ಗೊತ್ತಾಗ್ತದೆ.”

ಎಂತ ನಿಜ? ಅವಳು ಕೂದಲು ಬಿಚ್ಚಿಕೊಂಡು ಒಲೆ ಊದುವಾಗ ಬಾಗಿಲಲ್ಲಿ ನಿಂತು ನೋಡಬೇಕೇ? ಶೇಖರ್ ಸರ್‌ಗೆ ಪ್ರತಿ ತಿಂಗಳು ಪಿಂಚಣಿ ಬರುತ್ತದೆ. ಅದನ್ನು ಮುಂದುವರಿಸಲೇ ಎಂದು ಕೇಳಿ ಯಾರೂ ಅವರ ಮನೆಯ ಲೋಟ ನೋಡಲು ಹೋಗುವುದಿಲ್ಲ. ಬಾಯಿಗೆ ಬಂದದ್ದು, “ಸಹಿ ನಾಳೆ ಹಾಕ್ತೇನೆ ಸರ್” ಎಂದು ಮಾತ್ರ.

“ನಿಧಾನ ಮಾಡಿ, ಅವಸರ ಇಲ್ಲ. ಬೆಳಿಗ್ಗೆ ಎಂಟೂವರೆಗೆ ಆಫೀಸಿನಲ್ಲಿ ಇರ್ತೇನೆ” ಎಂದು ಕಾಗದವನ್ನು ಮಡಚಿ ಇಟ್ಟುಕೊಂಡರು.

ಸಂಜೆ ಅಕ್ಕನಿಗೆ ಫೋನು ಮಾಡಿದೆ. ಎಲ್ಲ ಹೇಳಿದೆ. ಅವಳು ಮಧ್ಯೆ ಬಾಯಿ ಹಾಕದೆ ಕೇಳಿದಳು. ಹಿಂದೆ ಕುಕ್ಕರು ಕೂಗುತ್ತಿತ್ತು.

“ಅಂಜಲ್ ಅಮ್ಮ ಕಾಯಿಸಿದ್ದಲ್ಲ” ಎಂದಳು ಕೊನೆಗೆ. “ನಾನು ಕಾಯಿಸಿದ್ದು. ಮಸಾಲೆ ಅರೆದದ್ದೂ ನಾನು.”

ಇದು ನನಗೆ ಗೊತ್ತಿರಲಿಲ್ಲ. ನಾನು ಬಾಗಿಲ ಹಿಂದೆ ನಿಂತು ತುಂಡು ಎಣಿಸುತ್ತಿದ್ದವಳು.

“ಉಪ್ಪು ಸರಿ ಇತ್ತು” ಎಂದಳು. “ಆ ಹುಡುಗಿಗೆ ಎಂತ ಇಷ್ಟವಂತೆ, ಮುಂದೆ?”

“ಕೇಳಲಿಲ್ಲ.”

“ಕೇಳ್ಬೇಕಿತ್ತು. ನಮ್ಮನ್ನೂ ಯಾರೂ ಕೇಳ್ಲಿಲ್ಲ.”

ಮರುದಿನ ಬೆಳಿಗ್ಗೆ ಲೋಟದಿಂದ ಪೆನ್ನು, ಪೆನ್ಸಿಲು, ಕತ್ತರಿ ತೆಗೆದು ಮೇಜಿನ ಮೇಲಿಟ್ಟೆ. ಲೋಟ ತೊಳೆದು, ಒರೆಸದೆಯೇ ಚೀಲಕ್ಕೆ ಹಾಕಿಕೊಂಡು ಉಡುಪಿಗೆ ಹೋದೆ. ಶೇಖರ್ ಸರ್ ಪೇಪರು ಓದುತ್ತಿದ್ದರು. ನನ್ನನ್ನು ಕಂಡು ಕಾಗದವನ್ನೂ ಪೆನ್ನನ್ನೂ ಮುಂದಕ್ಕೆ ಸರಿಸಿದರು. ನಾನು ಕಾಗದದ ಮೇಲೆ ಲೋಟ ಇಟ್ಟೆ.

“ಇದೆಂತ?”

“ಓದಿ ಸರ್. ಅಂಚಿನಲ್ಲಿದೆ.”

ಕನ್ನಡಕ ಮೇಲೆ ಮಾಡಿ ಓದಿದರು. “ಗುಲಾಬಿ, ಮೂಳೂರು. ಯಾರು?”

“ನಮ್ಮ ಪಕ್ಕದ ಮನೆಯವರು. ಅಂದು ನೀವು ಬೊಂಡದ ನೀರು ಕುಡಿದ ಆರು ಲೋಟಗಳಲ್ಲಿ ಒಂದು. ಅಂಜಲ್ ಕಾಯಿಸಿದ್ದು ಅಕ್ಕ. ನೀವು ಬರೆದ ಮೇಲೆ ಕಾಲೇಜು ಬಿಟ್ಟು ಹನ್ನೊಂದು ವರ್ಷ ಸೀರೆ ಅಂಗಡಿಯಲ್ಲಿ ನಿಂತಳು. ಅವಳಿಗೆ ನರ್ಸ್ ಆಗಬೇಕಿತ್ತು.”

ಇಷ್ಟು ಉದ್ದ ನಾನು ಒಮ್ಮೆಗೇ ಮಾತಾಡಿದ್ದು ನೆನಪಿಲ್ಲ.

ಅವರು ಲೋಟವನ್ನು ಕೈಯಲ್ಲಿ ತಿರುಗಿಸಿದರು. “ನಮಗೆ ಹೇಗೆ ಗೊತ್ತಾಗಬೇಕು ಮಾರಾಯ್ತಿ?” ಎಂದರು. ನಿಜವಾಗಿಯೂ ಕೇಳಿದರು. ಆಮೇಲೆ, “ನೀವು ಬೇರೆ ಎಂತಾದರೂ ಬರೆಯಿರಿ ಬೇಕಾದರೆ. ಆದರೆ ನಾನು ಕಂಡದ್ದು ನಾನು ಬರೆದಾಗಿದೆ. ಸುಳ್ಳು ಬರೀಲಿಕ್ಕೆ ಆಗ್ತದಾ?”

“ಬೇಡ ಸರ್. ನಾನು ಸಹಿ ಹಾಕುವುದಿಲ್ಲ, ಅಷ್ಟೆ.”

“ಹಾಗಾದರೆ ಇದು ಸಭೆಗೆ ಹೋಗುವುದಿಲ್ಲ.”

“ಹೌದು. ಹಳೆಯದೇ ಮುಂದುವರಿಯುತ್ತದೆ. ನೀವೇ ಹೇಳಿದ್ದು.”

ಅವರು ನನ್ನನ್ನೇ ನೋಡಿದರು. “ಎಷ್ಟು ಸಮಯ ಹೀಗೆ?”

“ಅವಳ ಹತ್ತನೇ ಕ್ಲಾಸು ಮುಗಿಯಲಿ. ಮುಂದಿನ ಮೇ ತಿಂಗಳಲ್ಲಿಯೂ ಆ ಮನೆಗೆ ನನ್ನನ್ನೇ ಹಾಕಿ.”

ಲೋಟವನ್ನು ಅವರ ಕೈಯಿಂದ ತೆಗೆದುಕೊಂಡೆ. ಕಾಗದದ ಮೇಲೆ ಅದರ ಬುಡದ ಗುಂಡಗಿನ ಒದ್ದೆ ಗುರುತು ಬಿದ್ದಿತ್ತು, ಸರಿಯಾಗಿ ನನ್ನ ಸಹಿಯ ಜಾಗದಲ್ಲಲ್ಲ, ಸ್ವಲ್ಪ ಮೇಲೆ. ಹೊರಗೆ ಬಂದು, ಗ್ರಂಥಾಲಯಕ್ಕೆ ಒಂದು ಗಂಟೆ ತಡವಾಗುತ್ತದೆ ಎಂದು ಮೆಸೇಜು ಕಳಿಸಿ, ಮಣಿಪಾಲದ ಬಸ್ಸು ಬಿಟ್ಟು ಅಲೆವೂರಿನ ಬಸ್ಸು ಹತ್ತಿದೆ. ರೇಣುಕಾ ಅಂಗಳದಲ್ಲಿ ಕೆಂಪು ಕುರ್ಚಿಗಳನ್ನು ಒಂದರ ಮೇಲೊಂದು ಇಟ್ಟು ಹೊರುತ್ತಿದ್ದಳು, ವಾಪಸು ಕೊಡಲು. ನಾನು ಮೇಲಿನದನ್ನು ತೆಗೆದುಕೊಂಡೆ. ಜೂನ್ ಐದಕ್ಕೆ ಹಣ ಬರುತ್ತದೆ ಎಂದು ಅಮ್ಮನಿಗೆ ಹೇಳು ಎಂದೆ. ಆಮೇಲೆ, ಅವಳ ಜೊತೆ ಕುರ್ಚಿ ಹೊತ್ತುಕೊಂಡು ಶಾಮಿಯಾನದ ಅಂಗಡಿಯವರೆಗೆ ನಡೆಯುತ್ತ, ಮುಂದೆ ಎಂತ ಓದಬೇಕೆಂದಿದ್ದೀ ಎಂದು ಕೇಳಿದೆ.